ನಮ್ಮ ತಂದೆಯವರ ಬೇಟೆನಾಯಿಗಳು

ದೊಡ್ಡವರ ಚರಿತ್ರೆಗಳನ್ನು ಬರೆಯುವವರು ಲೋಕದಲ್ಲಿ ಬಹಳ ಜನರಿದ್ದಾರೆ. ಬೆನ್ನ ಮೇಲೆ ಚೀಲ ಹೊತ್ತು ಮಕ್ಕಳ ಹೊಟ್ಟೆ ಹೊರೆದವರ ಸಂಗತಿಯನ್ನು ಆ ಮಕ್ಕಳೇ ಬರೆಯದಿದ್ದರೆ ಮತ್ತಾರೂ ಬರೆಯಲಾರರು. ಈ ಒಂದು ಕಾರಣಕ್ಕಾಗಿ ನಮ್ಮ ತೀರ್ಥರೂಪರ ವಿಷಯವಾಗಿ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ಅವುಗಳಲ್ಲಿ ಮನುಷ್ಯರಿಗಿಂತ ನಾಯಿಗಳ ಸುದ್ದಿಯೇ ಹೆಚ್ಚಾಗಿ ಕಂಡರೆ ವಾಚಕರು ಬೇಸರಪಡಬಾರದು. ನಮ್ಮ ಮನೆಯಲ್ಲಿಯೂ ಹಾಗೆಯೇ ಇದ್ದಿತು.

ನಮ್ಮ ಮನೆ ವಿಜಯಪುರದ ಸಿದ್ಧೇಶ್ವರ ಗುಡಿಯಿಂದ ಕೂಗಳತೆಯ ದೂರದಲ್ಲಿತ್ತು. ಊರಿಗೆ ಆಗ ಬಿಜಾಪುರವೆಂದೇ ಹೆಸರು. ಸರಕಾರದ ಕಾಗದಪತ್ರಗಳಲ್ಲಿ ವಿಜಯಪುರವಾದದ್ದು 2014ರಲ್ಲಿ. ಮನೆಯೆಂದರೆ ಒಂದು ಪಡಸಾಲೆ, ಒಂದು ಅಡಿಗೆಯ ಕೋಣೆ, ಮೇಲೆ ಮಣ್ಣಿನ ಮಾಳಿಗೆ, ಇಷ್ಟೇ. ಅದರಲ್ಲಿ ನಾವು ನಾಲ್ವರು ಮಕ್ಕಳು, ತಂದೆತಾಯಿಗಳು, ಒಬ್ಬ ಮುದಿ ಅಜ್ಜಿ, ಮತ್ತು ಯಾವಾಗಲೂ ಒಂದೆರಡು ನಾಯಿಗಳು. ತಂದೆಯವರು ಕಾಳಿನ ಪೇಟೆಯಲ್ಲಿ ಹಮಾಲರಾಗಿದ್ದರು. ನೂರು ಕಿಲೋ ತೂಕದ ಜೋಳದ ಚೀಲವನ್ನು ಕೊಕ್ಕೆಯಿಂದೆಳೆದು ಬೆನ್ನಿಗೇರಿಸಿಕೊಂಡು, ಅಡತಿ ಅಂಗಡಿಯಿಂದ ಬಂಡಿಗೆ, ಬಂಡಿಯಿಂದ ಲಾರಿಗೆ, ಹೀಗೆ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದರೋ ಲೆಕ್ಕವಿಲ್ಲ. ತಾಯಿಯು ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ನಸುಕಿನಲ್ಲಿ ಆಕೆಯ ಕೈಯ ರೊಟ್ಟಿಯ ಸಪ್ಪಳಕ್ಕೇ ನಾವು ಏಳುತ್ತಿದ್ದೆವು.

ತಂದೆಯವರ ಮೂಲ ಊರು ತಿಕೋಟೆಯ ಕಡೆಯ ಒಂದು ಸಣ್ಣ ಹಳ್ಳಿ. ಬಾಲ್ಯದಲ್ಲಿ ಅನ್ಯರ ಕುರಿಗಳನ್ನು ಕಾಯುತ್ತಿದ್ದಾಗಲೇ ಅವರಿಗೆ ಈ ನಾಯಿಯ ಹುಚ್ಚು ಹತ್ತಿದ್ದು. ಹಾಗೆಂದು ಯಾವ ನಾಯಿಯಾದರೂ ಆದೀತೆಂದಲ್ಲ. ಓಣಿಯ ನಾಯಿಗಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಮುಧೋಳದ ತಳಿ. ಬಬಲೇಶ್ವರದ ಮೇಲಿಂದ ಹೋಗಿ, ಗಲಗಲಿಯ ಹತ್ತಿರ ಕೃಷ್ಣೆಯನ್ನು ದಾಟಿದರೆ ಮುಧೋಳದ ಸೀಮೆ ಬರುವದು. ಅಲ್ಲಿಯ ಒಬ್ಬ ಸೋದರಸಂಬಂಧಿಯು ಕೊಟ್ಟ ಮರಿಯನ್ನು ಕಂಬಳಿಯಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ತಂದೆಯವರು ಮನೆಗೆ ಬಂದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮತ್ತೊಂದು ಕೂಸೇ ಬಂದಿತೆಂದು ಅಜ್ಜಿಯು ದೀಪ ಹಿಡಿದು ನೋಡಿದಳು. ಆ ಮರಿಯೇ ಬಿಜಲಿ.

ಈ ತಳಿಯ ವಿಷಯವಾಗಿ ತಿಳಿಯದವರಿಗೆ ಕೊಂಚ ಹೇಳುವದು ಅವಶ್ಯ. ಮುಧೋಳದ ನಾಯಿ ನೋಡುವವರ ಕಣ್ಣಿಗೆ ಬಡಕಲು. ಉದ್ದನ್ನ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ, ಬಿದಿರಿನಂಥ ಕಾಲುಗಳು. "ನಾಯಿಗೆ ಕೂಳು ಹಾಕೂದಿಲ್ಲೇನೋ" ಎಂದು ದಾರಿಹೋಕರು ತಂದೆಯವರನ್ನು ಎಷ್ಟೋ ಸಲ ಕೇಳಿದ್ದುಂಟು. ಆದರೆ ಅದು ಓಡಲಿಕ್ಕಾಗಿಯೇ ಕೊರೆದು ಮಾಡಿದ ಶರೀರ. ಉಳಿದ ನಾಯಿಗಳು ಮೂಗನ್ನು ನೆಲಕ್ಕೆ ಹಚ್ಚಿ ವಾಸನೆಯಿಂದ ಬೇಟೆಯನ್ನು ಹುಡುಕಿದರೆ, ಇದು ತಲೆಯೆತ್ತಿ ದೂರ ನೋಡಿ, ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟುವದು. ಆದುದರಿಂದಲೇ ಇದು ಕಾಡಿನ ನಾಯಿಯಲ್ಲ, ಬಯಲಿನ ನಾಯಿ. ಮಹಾರಾಷ್ಟ್ರದ ಕಡೆಗೆ ಇದನ್ನು ಕಾರವಾನಿ ಎನ್ನುವರು. ಪಶ್ಚಿಮ ಮತ್ತು ಮಧ್ಯ ಏಶಿಯದಿಂದ ಬಂದ ವ್ಯಾಪಾರಿಗಳ, ದಂಡಿನವರ ಸಂಗಡ ಇದರ ಪೂರ್ವಿಕರು ದಖ್ಖಣಕ್ಕೆ ಬಂದಿರಬೇಕೆಂದು ಬಲ್ಲವರ ಊಹೆ. ಇದನ್ನು ಹಳ್ಳಿಗಳಲ್ಲಿ ಉಳಿಸಿಕೊಂಡು ಬಂದವರು ಬೇಡರು, ಕುರುಬರು ಮೊದಲಾದ ಬಡವರು. 1857ರಲ್ಲಿ ಆಯುಧ ಒಪ್ಪಿಸಲೊಲ್ಲೆವೆಂದು ಇಂಗ್ಲಿಷರ ಸಂಗಡ ಕಾದಿದ ಹಲಗಲಿಯ ಬೇಡರ ಊರು ಕೂಡ ಇದೇ ಮುಧೋಳದ ಸೀಮೆಯದು. ಮುಂದೆ ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ ಘೋರ್ಪಡೆಯವರು ಹಳ್ಳಿಗರ ಹತ್ತಿರವಿದ್ದ ಒಳ್ಳೆಯ ನಾಯಿಗಳನ್ನು ಆಯ್ದು, ತಳಿಯನ್ನು ಶುದ್ಧವಾಗಿ ಬೆಳೆಯಿಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದು ಹೇಳುವದುಂಟು. ಕವಿಚಕ್ರವರ್ತಿ ರನ್ನನ ಊರಾದ ಮುಧೋಳವನ್ನು ಇಂದು ಪರದೇಶದವರು ನಾಯಿಯ ಹೆಸರಿನಿಂದ ಬಲ್ಲರು! ರನ್ನನಿಗೆ ಇದರಿಂದ ವ್ಯಸನವಾಗುತ್ತಿತ್ತೋ ಇಲ್ಲವೋ ನಾನರಿಯೆ. ನಮ್ಮ ತಂದೆಯವರಿಗಂತೂ ಇದರಲ್ಲಿ ಅನುಚಿತವೇನೂ ಕಂಡಿರಲಿಲ್ಲ.

ಅಮಾವಾಸ್ಯೆಯ ದಿನ ಹಮಾಲರಿಗೆ ಬಿಡುವು. ಸುಗ್ಗಿ ಮುಗಿದ ಮೇಲೆ ಎರೆಯ ಹೊಲಗಳು ಬರಿದಾಗಿ, ಹತ್ತಾರು ಹರದಾರಿಯವರೆಗೆ ಒಂದು ಮರವೂ ಅಡ್ಡವಿಲ್ಲದೆ ಬಿದ್ದಿರುತ್ತವೆ. ಡೋಣಿ ಬೆಳೆದರೆ ಓಣಿ ತುಂಬ ಜೋಳವೆಂದು ನಮ್ಮ ಕಡೆಯವರು ಆಡಿಕೊಳ್ಳುವ ಆ ಭೂಮಿಯೇ ಸಾರವಾಡದ ಸುತ್ತಿನಲ್ಲಿ ತಂದೆಯವರ ಬೇಟೆಯ ಬಯಲಾಗಿತ್ತು. ಬೆಳಗಿನ ಜಾವಕ್ಕೆ ನಾಲ್ಕೈದು ಜನ ಗೆಳೆಯರು ಸಾಲಾಗಿ ನಡೆಯುವರು. ಕೂಳೆಯ ಮಗ್ಗುಲಲ್ಲಿ ಮಣ್ಣಿನ ಬಣ್ಣಕ್ಕೆ ಮಣ್ಣಾಗಿ ಕುಳಿತ ಮೊಲವು ಕಾಲಬುಡದಿಂದಲೇ ಚಿಮ್ಮುವದು. ತಂದೆಯವರು ಹಗ್ಗದ ತುದಿಯನ್ನು ಬಿಡುವರು. ಅದರ ತರುವಾಯ ಆಗುವದನ್ನು ಬಣ್ಣಿಸುವದು ಕಠಿಣ. ಬಿಜಲಿಯು ಓಡುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಟ್ಟಿರುತ್ತಿದ್ದವು. ಇನ್ನೇನು ಹಿಡಿದೇಬಿಟ್ಟಿತೆಂಬಷ್ಟರಲ್ಲಿ ಮೊಲವು ಗಕ್ಕನೆ ಮಗ್ಗುಲಿಗೆ ಹೊರಳುವದು. ಬಿಜಲಿಯು ತನ್ನ ವೇಗವನ್ನು ತಾನೇ ತಡೆಯಲಾರದೆ ಮುಂದೆ ಜಾರಿಹೋಗುವದು. ಎಷ್ಟೋ ಸಲ ಮೊಲವೇ ಗೆಲ್ಲುತ್ತಿತ್ತು. ಆಗಲೂ ತಂದೆಯವರು ನಗುತ್ತಿದ್ದರು. ಪೇಟೆಯಲ್ಲಿ ಸದಾ ನೆಲ ನೋಡಿಕೊಂಡು ನಡೆಯುತ್ತಿದ್ದ ಅವರು ನೆಟ್ಟಗೆ ನಿಂತದ್ದನ್ನು ನಾನು ಕಂಡದ್ದು ಆ ಬಯಲಿನಲ್ಲಿ ಮಾತ್ರ.

ಇಷ್ಟು ಹೇಳಿ, ಹಿಡಿದಾಗ ಆಗುತ್ತಿದ್ದುದನ್ನು ಮುಚ್ಚಿಡುವದು ನ್ಯಾಯವಲ್ಲ. ನಾಯಿಯ ಬಾಯಿಗೆ ಸಿಕ್ಕ ಮೊಲವು ಕೂಸಿನಂತೆ ಚೀರುವದು. ಮೊದಲ ಸಲ ಅದನ್ನು ಕೇಳಿದಾಗ ನಾನು ಕಿವಿ ಮುಚ್ಚಿಕೊಂಡೆ. ಆ ರಾತ್ರಿ ಸಾರಿನಲ್ಲಿಯ ತುಣುಕನ್ನು ತಿಂದೆನೋ ಇಲ್ಲವೋ ಎಂದು ಕೇಳಿದರೆ, ತಿಂದೆ. ಹಸಿದ ಮನೆಯಲ್ಲಿ ಕನಿಕರಕ್ಕೂ ಒಂದು ಮಿತಿಯಿರುತ್ತದೆ.

1972ರ ಬರಗಾಲವನ್ನು ಕಂಡವರು ಮರೆತಿರಲಾರರು. ಮಳೆಯಿಲ್ಲದ್ದಕ್ಕೆ ಬೆಳೆಯಿಲ್ಲ, ಬೆಳೆಯಿಲ್ಲದ್ದಕ್ಕೆ ಪೇಟೆಗೆ ಚೀಲಗಳಿಲ್ಲ, ಚೀಲಗಳಿಲ್ಲದ ಹಮಾಲನಿಗೆ ಕೂಲಿಯೆಲ್ಲಿ? ಖಾನಾವಳಿಯವರು ರೊಟ್ಟಿಯ ಲೆಕ್ಕವನ್ನು ಅರ್ಧಕ್ಕೆ ಇಳಿಸಿದರು. ತಾಯಿಯು ಹಿಟ್ಟಿನ ಡಬ್ಬಿಯೊಳಗೆ ಬೆರಳಿನಿಂದ ಗೆರೆ ಎಳೆದು, ಇಷ್ಟು ಈ ಹೊತ್ತಿಗೆ, ಇಷ್ಟು ನಾಳೆಗೆ ಎಂದು ಗುರುತು ಮಾಡುತ್ತಿದ್ದಳು. ಒಂದು ದಿನ ಬುತ್ತಿ ಒಯ್ದ ನಾನು, ತಂದೆಯವರು ಗೋಡೆಯ ಮರೆಗೆ ಕುಳಿತು ತಮ್ಮ ಎರಡು ರೊಟ್ಟಿಗಳಲ್ಲಿ ಒಂದನ್ನು ನೀರಿನಲ್ಲಿ ನೆನೆಸಿ ಬಿಜಲಿಗೆ ತಿನ್ನಿಸುತ್ತಿದ್ದುದನ್ನು ಕಂಡೆ. ಅವರು ನನ್ನನ್ನು ನೋಡಿದರು, ಹೇಳಬೇಡವೆಂದು ಹೇಳಲಿಲ್ಲ. ನಾನೂ ಮನೆಯಲ್ಲಿ ಹೇಳಲಿಲ್ಲ.

ಆ ದಿನಗಳಲ್ಲಿ ಊರಿನ ಒಬ್ಬ ಶ್ರೀಮಂತರು ಬಿಜಲಿಯನ್ನು ಕೊಂಡುಕೊಳ್ಳಲು ಹೇಳಿಕಳಿಸಿದರು. ಇನ್ನೂರು ರೂಪಾಯಿ! ತಂದೆಯವರು ಎರಡು ತಿಂಗಳು ಬೆನ್ನು ಮುರಿದರೂ ಅಷ್ಟು ಹಣ ಕೂಡುತ್ತಿರಲಿಲ್ಲ. ಆಗ ನಮ್ಮ ಅಕ್ಕ ಏಳನೆಯ ಇಯತ್ತೆಯಲ್ಲಿದ್ದಳು. ನಮ್ಮೆಲ್ಲರಿಗಿಂತ ಜಾಣೆ; ಲೆಕ್ಕದಲ್ಲಿ ಆಕೆಗೆ ಸರಿಗಟ್ಟುವವರು ತರಗತಿಯಲ್ಲಿ ಇರಲಿಲ್ಲ. ಮನೆ ನಡೆಯಬೇಕಾದರೆ ಯಾರಾದರೊಬ್ಬ ಮಕ್ಕಳು ಬರಗಾಲದ ಕೆಲಸಕ್ಕೆ ಖಡಿ ಹೊರಲು ಹೋಗಲೇಬೇಕಾಗಿತ್ತು.

"ನಾಯಿ ಹೋದರ ಮತ್ತೊಂದು ನಾಯಿ ಬಂದೀತು. ಕೂಸಿನ ಸಾಲಿ ಬಿಡಿಸಿದರ ಅದು ಮತ್ತ ಬರಾಂಗಿಲ್ಲ, ನೋಡ್ರಿ" ಎಂದಳು ತಾಯಿ.

ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಹಗಲೆಲ್ಲಾ ಮಂದಿ ಚೀಲಾ ಹೊರತೇನಿ. ನಂದು ಅಂತ ಇರೂದು ಇದೊಂದ" ಎಂದರು.

ಬಿಜಲಿ ಉಳಿಯಿತು. ಅಕ್ಕನು ಮರುದಿನದಿಂದ ತಾಯಿಯ ಹಳೆಯ ಸೀರೆಯ ತುಂಡನ್ನು ಸಿಂಬಿ ಮಾಡಿಕೊಂಡು ಖಡಿಯ ಬುಟ್ಟಿ ಹೊರಲು ಹೋದಳು. ನನ್ನನ್ನು ಮಾತ್ರ ಶಾಲೆ ಬಿಡಿಸಲಿಲ್ಲ. ಗಂಡುಹುಡುಗನೆಂಬುದೇ ಅದಕ್ಕೆ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ನಾನು ಮಾಸ್ತರನಾದೆ. ಈ ಲೇಖನವನ್ನು ಬರೆಯುವಷ್ಟು ಅಕ್ಷರವು ನನಗೆ ಯಾರ ತಲೆಯ ಮೇಲಿನ ಬುಟ್ಟಿಯಿಂದ ಬಂದಿತೆಂಬದನ್ನು ನಾನು ಬಲ್ಲೆ. ತಾಯಿಯು ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಅಂದಿನಿಂದ ಬಿಜಲಿಯ ಕೂಳನ್ನು ಆಕೆ ತನ್ನ ಕೈಯಿಂದ ಹಾಕಲಿಲ್ಲ.

ವನ್ಯಪ್ರಾಣಿಗಳ ರಕ್ಷಣೆಯ ಕಾಯಿದೆ ಆದದ್ದೂ ಅದೇ 1972ರಲ್ಲಿಯೇ. ಅಡತಿ ಅಂಗಡಿಯ ಗುಮಾಸ್ತರು ಪತ್ರಿಕೆ ಓದಿ, "ಇನ್ನ ಮೊಲಾ ಹಿಡದರ ಜೇಲು ಐತಿ" ಎಂದು ಹೇಳಿದಾಗ ತಂದೆಯವರು ನಂಬಲಿಲ್ಲ. ಮೊಲಕ್ಕೂ ಒಂದು ಕಾಯಿದೆಯೆ? ಬಳಿಕವೂ ಒಂದೆರಡು ಸಲ ಬಯಲಿಗೆ ಹೋಗಿಬಂದರೆಂಬದನ್ನು ನಾನು ಅಡಗಿಸಲಾರೆ. ಗೆಳೆಯರಲ್ಲೊಬ್ಬನು ಸಿಕ್ಕಿಬಿದ್ದು ದಂಡ ತೆತ್ತ ಮೇಲೆ ಬೇಟೆಯನ್ನು ಬಿಟ್ಟರು. ಮೊದಲು ಅಂಜಿಕೆಯಿಂದ ಬಿಟ್ಟರು. ಬರಬರುತ್ತ ಬಯಲಿನಲ್ಲಿ ಮೊಲಗಳೇ ಅಪರೂಪವಾದುದನ್ನು ಕಂಡು, ಬಿಟ್ಟದ್ದೇ ಸರಿಯಾಯಿತೆಂದು ತಾವಾಗಿಯೇ ಹೇಳಹತ್ತಿದರು.

ಆದರೆ ಬಿಜಲಿಗೆ ಕಾಯಿದೆ ತಿಳಿಯುವದೆಂತು? ಓಡದಿದ್ದರೆ ಈ ತಳಿಯ ನಾಯಿ ಕೊರಗುವದು. ಗದರಿಸಿದರೂ ಸಹಿಸದು; ಪರರು ಮುಟ್ಟಿದರೆ ಮೈ ಬಿಗಿಹಿಡಿಯುವದು; ಸರಪಳಿಯಲ್ಲಿಯೇ ದಿನವೆಲ್ಲ ಇಟ್ಟರೆ ಕೆಡುವದು. (ಪಟ್ಟಣದ ಚಿಕ್ಕ ಮನೆಗಳಲ್ಲಿ ಚಂದಕ್ಕಾಗಿ ಈ ನಾಯಿಯನ್ನು ತಂದಿಡುವವರು ಇದನ್ನು ಅವಶ್ಯ ಯೋಚಿಸಬೇಕು.) ಅದಕ್ಕಾಗಿ ತಂದೆಯವರು ಒಂದು ಉಪಾಯ ಹೂಡಿದರು. ಬಾಡಿಗೆಯ ಸೈಕಲ್ಲಿನ ಹಿಂದೆ ಹಗ್ಗದಿಂದ ಕುರಿಯ ತೊಗಲಿನ ತುಂಡನ್ನು ಕಟ್ಟಿ, ನನ್ನನ್ನು ಅದರ ಮೇಲೆ ಕೂಡ್ರಿಸಿ, "ಹೊಡಿ!" ಎಂದರು. ನಾನು ಜೀವದಾಸೆ ತೊರೆದು ತುಳಿದೆ. ಬಿಜಲಿಯು ಎರಡು ನಿಮಿಷದಲ್ಲಿ ತೊಗಲನ್ನು ಹಿಡಿದು, ಮೂಸಿ, ಅಲ್ಲಿಯೇ ಉಗುಳಿ, ತಂದೆಯವರ ಕಡೆಗೆ ಹೊರಳಿ ನೋಡಿತು. ಎರಡನೆಯ ಸಲ ಅದು ಎದ್ದೇಳಲಿಲ್ಲ. ನಾನೊಬ್ಬನೇ ಬಯಲಿನಲ್ಲಿ ತೊಗಲೆಳೆದುಕೊಂಡು ಸುತ್ತುವದನ್ನು ಕುಳಿತು ನೋಡಿತು. ಅಕ್ಕನು ಆ ವರ್ಷ ಮನಸಾರೆ ನಕ್ಕದ್ದು ಅಂದು ಒಂದೇ ದಿನ.

ಬಿಜಲಿಯು ಮೂರು ಸಲ ಮರಿ ಹಾಕಿತು. ಮರಿಗಳ ಸೊಂಟದ ಎಲುಬುಗಳ ನಡುವೆ ಬೆರಳಿಟ್ಟು ಅಳೆದು, ಇದು ಓಡೀತು, ಇದು ಓಡಲಾರದು ಎಂದು ತಂದೆಯವರು ಹೇಳುತ್ತಿದ್ದರು. ಒಂದನ್ನೂ ಮಾರಲಿಲ್ಲ. ಕುರಿಕಾಯುವವರು ಸಿದ್ಧೇಶ್ವರ ಜಾತ್ರೆಗೆ ಬಂದಾಗ, ಒಂದು ತೆಂಗಿನಕಾಯಿ ಇಸಿದುಕೊಂಡು, ಅವರ ಕೈಗೆ ಮರಿಗಳನ್ನು ಕೊಟ್ಟುಬಿಡುತ್ತಿದ್ದರು. ಇನ್ನೂರು ರೂಪಾಯಿಗೆ ಒಲ್ಲೆನೆಂದವರು ಈಗ ಬೆಲೆ ತೆಗೆದುಕೊಂಡರೆ, ಅಂದು ಒಲ್ಲೆನೆಂದುದಕ್ಕೆ ಅರ್ಥವೇನಾದೀತೆಂದು ಅವರ ಮನಸ್ಸಿನಲ್ಲಿ ಇದ್ದಿರಬಹುದು. ಇದು ನನ್ನ ತರ್ಕ. ಅವರು ಬಾಯಿಬಿಟ್ಟು ಹೇಳಿದವರಲ್ಲ.

ಕಾಲವು ನಾಯಿಗಳ ದೆಸೆಯನ್ನು ಹೇಗೆ ತಿರುಗಿಸಿತು ನೋಡಿರಿ! 2005ರಲ್ಲಿ ಅಂಚೆಯ ಇಲಾಖೆಯವರು ಮುಧೋಳ ನಾಯಿಯ ಚಿತ್ರದ ತಿಕೀಟು ಹೊರಡಿಸಿದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ವತಿಯಿಂದ ಈ ತಳಿಯ ಸಂಶೋಧನ ಕೇಂದ್ರವೇ ಸ್ಥಾಪಿತವಾಯಿತು. 2016ರಲ್ಲಿ ಅಲ್ಲಿಯ ಮರಿಗಳು ಮೇರಠದ ಸೈನ್ಯದ ಶಾಲೆಗೆ ಹೋದವು. ಅತ್ತ ಯಡಹಳ್ಳಿಯ ಗುಡ್ಡಗಳಲ್ಲಿ ಚಿಂಕಾರಗಳಿಗಾಗಿ ವನ್ಯಧಾಮವಾಗಿದೆ. ಅಟ್ಟುವವರಿಗೂ ಓಡುವವರಿಗೂ ಒಂದೇ ಸೀಮೆಯಲ್ಲಿ ಸರಕಾರದ ಆಶ್ರಯವು ದೊರೆತಂತಾಯಿತು.

ಸೈನ್ಯದ ಸುದ್ದಿಯನ್ನು ಕೇಳಲು ತಂದೆಯವರು ಉಳಿಯಲಿಲ್ಲ. ಆದರೆ 2012ರಲ್ಲಿ, ಅವರಿಗೆ ಎಂಬತ್ತರ ಸುಮಾರಾಗಿದ್ದಾಗ, ಅಕ್ಕನು ತನ್ನ ಖರ್ಚಿನಿಂದಲೇ ಅವರನ್ನು ತಿಮ್ಮಾಪುರಕ್ಕೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಸಾಲಾದ ಗೂಡುಗಳು, ಗೂಡಿನೊಳಗೆ ತೊಳೆದ ನೆಲ. ಬಾಗಿದ ಬೆನ್ನಿನ ತಂದೆಯವರು ಸರಳುಗಳಿಗೆ ಮುಖ ಹಚ್ಚಿ ಒಂದೊಂದನ್ನೂ ನೋಡುತ್ತ ನಡೆದರು. ಒಂದು ನಸುಗಂದು ಬಣ್ಣದ ಹೆಣ್ಣುನಾಯಿಯ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಅಲ್ಲಿಯ ಆಳು ಕನಿಕರಪಟ್ಟು ಅದನ್ನು ಹೊರಗೆ ತಂದನು. ಪರರ ಕೈಯನ್ನು ಒಲ್ಲದ ಆ ಜಾತಿ ಅಂದೇಕೋ ಸುಮ್ಮನೆ ನಿಂತಿತು. ತಂದೆಯವರು ಅದರ ಸೊಂಟದ ಮೇಲೆ ನಡುಗುವ ಬೆರಳುಗಳನ್ನಿಟ್ಟು ಅಳೆದು, "ಇದು ಓಡತೈತಿ" ಎಂದರು.

"ಒಂದು ಮರಿಗೆ ಎಷ್ಟು ಬೆಲೆರೀ?" ಎಂದು ಅಕ್ಕ ಆ ಆಳನ್ನು ಕೇಳಿದಳು. ಅವನು ಸಾವಿರಗಳಲ್ಲಿ ಬೆಲೆ ಹೇಳಿದನು. ಅಕ್ಕ ತಂದೆಯವರ ಮುಖವನ್ನು ನೋಡಿದಳು. ತಂದೆಯವರು ನಾಯಿಯನ್ನು ನೋಡುತ್ತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ. ಗಲಗಲಿಯಲ್ಲಿ ಕೃಷ್ಣೆಯ ನೀರು ಕಾಣುತ್ತಲೇ ತಂದೆಯವರು ಅಭ್ಯಾಸದಂತೆ ಕೈಮುಗಿದು, ಆಮೇಲೆ ಅಕ್ಕನ ಕಡೆಗೆ ತಿರುಗದೆಯೇ, "ಇನ್ನೂರು ರೂಪಾಯಿ ಆಗ ಭಾಳ ಇತ್ತವ್ವಾ" ಎಂದರು.

ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಬಬಲೇಶ್ವರ ದಾಟಿದ ಮೇಲೆ ಕೈಚೀಲದಿಂದ ಬುತ್ತಿಯ ಗಂಟನ್ನು ಬಿಚ್ಚಿ, ಹಲ್ಲಿಲ್ಲದ ತಂದೆಯವರಿಗಾಗಿ ರೊಟ್ಟಿಯನ್ನು ಸಣ್ಣಗೆ ಮುರಿದು, ನೀರಿನಲ್ಲಿ ನೆನೆಸಿ ಕೊಟ್ಟಳು.