ಜೀಪಿನ ಹಿಂಬದಿಗೆ ಹಾಸಿಗೆ ಬಂದ ಕತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜೀಪಿನ ಹಿಂಬದಿ ಖಾಲಿ ಇರುವುದು ಅಪರೂಪ. ಮಳೆಗಾಲ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವ ಪಂಪು. ಮಳೆ ಬಿಟ್ಟ ಮೇಲೆ ಅಡಕೆ ಗೊನೆ, ಕಾಫಿ ಚೀಲ. ನಡುವೆ ಗೊಬ್ಬರ, ಹಿಂಡಿ, ಗ್ಯಾಸ್ ಸಿಲಿಂಡರು, ಮದುವೆಮನೆಗೆ ಹೊರಟ ನೆಂಟರು. ಈಚೆಗೆ ಈ ಪಟ್ಟಿಗೆ ಹಾಸಿಗೆಯೂ ಸೇರುತ್ತಿದೆ. ಊರು ಸುತ್ತುವ ಹುಚ್ಚಿನವರು ಹಿಂಬದಿಯ ಸೀಟು ಬಿಚ್ಚಿ, ಪ್ಲೈವುಡ್ ಪೆಟ್ಟಿಗೆ ಕೂರಿಸಿ, ಮೇಲೆ ಮಲಗಿ ಕೆಳಗೆ ಸಾಮಾನಿಡುತ್ತಾರೆ. ನೋಡಿದವರು ಇದನ್ನು ಹೊಸ ಶೋಕಿ ಎನ್ನುತ್ತಾರೆ. ಆದರೆ ಇದು ಹೊಸದೂ ಅಲ್ಲ, ಬರೀ ಶೋಕಿಯೂ ಅಲ್ಲ. ಸಾಮಾನಿನ ಜಾಗದಲ್ಲೇ ಮನುಷ್ಯ ಕಾಲು ಚಾಚಬಹುದು ಎಂಬುದು ತುಂಡುತುಂಡಾಗಿ, ಬೇರೆಬೇರೆ ದೇಶಗಳಲ್ಲಿ, ಬೇರೆಬೇರೆ ಕಷ್ಟಗಳಿಂದ ಹೊಳೆದದ್ದು.

ನಮ್ಮಲ್ಲಿ ಇದರ ಹಿರಿಯಜ್ಜ ಕಮಾನು ಗಾಡಿ. ಗಾಡಿಯೊಳಗೆ ದಪ್ಪಗೆ ಹುಲ್ಲು ಹರಡಿ, ಮೇಲೆ ಜಮಖಾನ ಹಾಸಿದರೆ ರಾತ್ರಿಯ ಪ್ರಯಾಣಕ್ಕೆ ಹಾಸಿಗೆ ಸಿದ್ಧ. ಗಾಡಿಯ ಕೆಳಗೆ ಕಟ್ಟಿದ ಜೋಲಿಯಲ್ಲಿ ಹಗ್ಗ, ಬಕೆಟ್ಟು, ಎತ್ತಿನ ಹಿಂಡಿ. ಮೇಲೆ ಮಲಗುವುದು, ಕೆಳಗೆ ಸಾಮಾನು ಎಂಬ ಏರ್ಪಾಡು ಆಗಲೇ ಇತ್ತು. ಒಂದೇ ತೊಂದರೆ: ದಾರಿ ಉದ್ದವಾದರೆ ಎತ್ತುಗಳು ಯಜಮಾನನ ಹಾಸಿಗೆಯನ್ನೇ ತಿಂದು ಮುಗಿಸುತ್ತಿದ್ದವು. ಮೋಟಾರು ಬಂದಾಗ ನಾವು ಈ ಏರ್ಪಾಡನ್ನು ಮರೆತೆವು. ಮೋಟಾರು ಬೇಗ ಊರು ಮುಟ್ಟಿಸುತ್ತಿತ್ತು, ಗಾಡಿಯಲ್ಲಿ ಮಲಗುವ ಪ್ರಸಂಗವೇ ಉಳಿಯಲಿಲ್ಲ.

ಸಾಮಾನಿನ ಕಡೆಯ ಪಾಠವನ್ನು ಮೊದಲು ಗಟ್ಟಿಯಾಗಿ ಕಲಿತವನು ಅಮೆರಿಕದ ಟೆಕ್ಸಾಸಿನ ದನಗಳ ವ್ಯಾಪಾರಿ ಚಾರ್ಲ್ಸ್ ಗುಡ್‌ನೈಟ್. 1866ರಲ್ಲಿ ಅವನೂ ಆಲಿವರ್ ಲವಿಂಗೂ ಸೇರಿ ದನಗಳ ದೊಡ್ಡ ಹಿಂಡನ್ನು ನ್ಯೂ ಮೆಕ್ಸಿಕೊ ಕಡೆಗೆ ಹೊಡೆದುಕೊಂಡು ಹೊರಟರು. ವಾರಗಟ್ಟಲೆ ದಾರಿ, ಹತ್ತಾರು ಆಳು, ಎಲ್ಲರಿಗೂ ಅಡುಗೆ. ಗುಡ್‌ನೈಟ್ ಸೈನ್ಯದ ಹಳೆಯ ಸ್ಟೂಡಿಬೇಕರ್ ಬಂಡಿಯೊಂದನ್ನು ತೆಗೆದುಕೊಂಡು ಅದರ ಹಿಂಬದಿಗೆ ಖಾನೆಗಳೂ ಡ್ರಾಯರುಗಳೂ ಇರುವ ಕಪಾಟು ಕೂರಿಸಿದ. ಕಪಾಟಿನ ಬಾಗಿಲಿಗೆ ಕೆಳಗಡೆ ತಿರುಗಣಿ. ಅದನ್ನು ಹೊರಕ್ಕೆ ಬೀಳಿಸಿ ಒಂದು ಕಾಲು ಊರಿದರೆ ಅದೇ ಅಡುಗೆ ಮೇಜು. ಹಿಟ್ಟು, ಕಾಫಿಬೀಜ, ಉಪ್ಪು, ಔಷಧಿ, ಎಲ್ಲಕ್ಕೂ ಗೊತ್ತಾದ ಜಾಗ. ಕತ್ತಲೆಯಲ್ಲಿ ಕೈ ಹಾಕಿದರೂ ಬೇಕಾದದ್ದು ಸಿಗಬೇಕು, ಬಂಡಿಯನ್ನು ಬರಿದು ಮಾಡದೆ ಸಿಗಬೇಕು ಎನ್ನುವುದು ಅವನ ಲೆಕ್ಕ. ಇಂದಿಗೂ ಜೀಪಿನ ಹಿಂಬಾಗಿಲು ತೆರೆದರೆ ಎಳೆಯಲು ಸಿಗುವ ಡ್ರಾಯರಿನ ಮೂಲ ಅಲ್ಲಿದೆ. ಆದರೆ ಅವನ ಆಳುಗಳು ಮಲಗಿದ್ದು ನೆಲದ ಮೇಲೆ. ಅವರ ಹಾಸಿಗೆ ಸುರುಳಿಗಳು ಮಾತ್ರ ಹಗಲಲ್ಲಿ ಬಂಡಿಯೊಳಗೆ ಆರಾಮವಾಗಿ ಪ್ರಯಾಣ ಮಾಡುತ್ತಿದ್ದವು!

ಜೀಪು ಹುಟ್ಟಿದ್ದು ಯುದ್ಧದ ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಬ್ಯಾಂಟಮ್ ಕಂಪನಿಗಾಗಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಎರಡು ದಿನದೊಳಗೆ ಅದರ ನಕ್ಷೆ ಬರೆದ. ಸೆಪ್ಟೆಂಬರ್ 23ಕ್ಕೆ ಮೊದಲ ಗಾಡಿ ಸೈನ್ಯದ ಕೈ ಸೇರಿತು. ಮುಂದೆ ವಿಲ್ಲೀಸ್, ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆ ತಯಾರಿಸಿದವು. ಸೈನ್ಯದ ಪುಸ್ತಕದಲ್ಲಿ ಅದರ ವರ್ಗ ಕಾಲು ಟನ್ನಿನ ಟ್ರಕ್ಕು, ಅಂದರೆ ಅದನ್ನು ಸಾಮಾನಿನ ಗಾಡಿ ಎಂದೇ ಬರೆದಿದ್ದರು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಅಂಗುಲ, ಒಟ್ಟು ಉದ್ದ ಸುಮಾರು 11 ಅಡಿ. ಎಂಜಿನ್ನು, ಸ್ಟಿಯರಿಂಗು, ಮುಂದಿನ ಸೀಟು ಕಳೆದರೆ ಹಿಂದೆ ಮಿಗುವುದು ಒಬ್ಬ ಮನುಷ್ಯ ಮುದುಡಿ ಮಲಗುವಷ್ಟು. ಆದರೆ ಆ ಪುಟ್ಟ ಜಾಗದ ಎರಡು ಮೂಲೆಗಳಲ್ಲೂ, ಹಿಂದಿನ ಚಕ್ರದ ಉಬ್ಬಿನ ಬಳಿ, ಮುಚ್ಚಳವಿರುವ ಸಲಕರಣೆ ಪೆಟ್ಟಿಗೆಗಳನ್ನು ಕೂರಿಸಿದ್ದರು. ಚಕ್ರದ ಉಬ್ಬಿನ ಅಕ್ಕಪಕ್ಕ ಕೆಲಸಕ್ಕೆ ಬಾರದೆ ಹೋಗುವ ಮೂಲೆಗೂ ಬೆಲೆಯಿದೆ ಎಂದು ಜೀಪು ಆಗಲೇ ತೋರಿಸಿತ್ತು. ನೋಡುವ ಕಣ್ಣು ಬರಲು ಕಾಲ ಬೇಕಾಯಿತು.

1940ರ ದಶಕದ ಕೊನೆಯ ಹೊತ್ತಿಗೆ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮಲೆನಾಡಿನ ತೋಟದ ದಾರಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೆ ಇರಲಿಲ್ಲ. ಇಲ್ಲಿ ಜೀಪು ಉದ್ದವಾಯಿತು, ಹಿಂದೆ ಎರಡೂ ಬದಿಗೆ ಎದುರುಬದುರು ಬೆಂಚುಗಳು ಬಂದವು. ಕಮಾಂಡರ್, ಮೇಜರ್, ಮಾರ್ಷಲ್, 2000ದಲ್ಲಿ ಬಂದ ಬೊಲೆರೊ, ಎಲ್ಲದರಲ್ಲೂ ಇದೇ ಪದ್ಧತಿ ಮುಂದುವರಿಯಿತು. ಮಾರುತಿಯವರ ಜಿಪ್ಸಿ 1985ರಲ್ಲಿ ಬಂದಾಗ ಅದರ ಹಿಂಬದಿಯಲ್ಲೂ ಎದುರುಬದುರು ಸೀಟು. ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರಿಗೆ ಆ ಬೆಂಚುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಹಾಸಿಗೆಯ ಕತೆಗೆ ಈಗ ಜರ್ಮನಿಗೆ ಹೋಗಬೇಕು. ವೀಡೆನ್‌ಬ್ರೂಕಿನ ವೆಸ್ಟ್‌ಫಾಲಿಯಾ ಕಂಪನಿ ಮೊದಲು ಕುದುರೆಗಾಡಿ ಮಾಡುತ್ತಿತ್ತು. 1951ರಲ್ಲಿ ಅವರು ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಮಲಗುವ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದರು. ಅಲ್ಲಿ ಬೀಡುಬಿಟ್ಟಿದ್ದ ಒಬ್ಬ ಸೇನಾಧಿಕಾರಿ ತನ್ನ ವ್ಯಾನಿಗೆ ಇಂಥದ್ದೊಂದನ್ನು ಮಾಡಿಸಿಕೊಂಡನೆಂದೂ, ಅದನ್ನು ನೋಡಿ ಕಂಪನಿಗೆ ಆಸೆ ಹುಟ್ಟಿತೆಂದೂ ಹೇಳುತ್ತಾರೆ. ಗಾಡಿಯಲ್ಲಿ ಮಲಗುವುದು ಅವರ ಶೋಧವಲ್ಲ. 1936ರಲ್ಲೇ ಅಮೆರಿಕದ ನ್ಯಾಶ್ ಕಂಪನಿ ಹಿಂಬದಿ ಹಾಸಿಗೆಯಾಗುವ ಕಾರು ಮಾರುತ್ತಿತ್ತು. ಜರ್ಮನರ ಬುದ್ಧಿವಂತಿಕೆ ಇದ್ದದ್ದು ಪೆಟ್ಟಿಗೆಯನ್ನು ತೆಗೆದಿಡಬಹುದು ಎನ್ನುವುದರಲ್ಲಿ. ಯುದ್ಧ ಮುಗಿದು ಕಷ್ಟದಲ್ಲಿದ್ದ ದೇಶ ಅದು. ಬಡಗಿಯೋ ತರಕಾರಿ ವ್ಯಾಪಾರಿಯೋ ತನ್ನ ಒಂದೇ ಗಾಡಿಯನ್ನು ವಾರವಿಡೀ ದುಡಿಸಿ, ಶನಿವಾರ ಪೆಟ್ಟಿಗೆ ಏರಿಸಿ ಕುಟುಂಬದೊಡನೆ ಹೊರಡಬಹುದಿತ್ತು. ಸೋಮವಾರ ಪೆಟ್ಟಿಗೆ ಇಳಿಯುತ್ತಿತ್ತು, ಗಾಡಿ ಮತ್ತೆ ಕೆಲಸಕ್ಕೆ.

ಇಡೀ ಕತೆಯಲ್ಲಿ ನನಗೆ ಮುಖ್ಯವೆನಿಸುವುದು ಪೆಟ್ಟಿಗೆಯನ್ನು ತೆಗೆದಿಡಬಹುದು ಎನ್ನುವ ಈ ಮಾತೇ. ಪೇಟೆಯವರು ಲಕ್ಷಗಟ್ಟಲೆ ಸುರಿದು, ಜೀಪಿನ ಹಿಂಬದಿಗೆ ಅಲುಗಾಡದ ಕಪಾಟು, ಫ್ರಿಜ್ಜು, ನೀರಿನ ಟ್ಯಾಂಕು ಎಲ್ಲವನ್ನೂ ಬೆಸೆದುಬಿಡುತ್ತಾರೆ. ಅವರಿಗೆ ಅದು ನಡೆಯುತ್ತದೆ. ನರಸಿಂಹರಾಜಪುರದ ತೋಟದವರಿಗೆ ನಡೆಯುವುದಿಲ್ಲ. ಇಲ್ಲಿ ಜೀಪಿಗೆ ನಾಳೆ ಬೆಳಗ್ಗೆ ಗೊಬ್ಬರ ತರುವ ಕೆಲಸವಿರುತ್ತದೆ.

ಹಾಸಿಗೆಯನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಚಕ್ರದ ಉಬ್ಬಿನಲ್ಲೇ ಇದೆ. ಜೀಪಿನ ಹಿಂಬದಿಯಲ್ಲಿ ಬಗ್ಗಿ ನೋಡಿದರೆ ಗೊತ್ತಾಗುತ್ತದೆ: ನೆಲಮಟ್ಟದಲ್ಲಿ ಎರಡು ಉಬ್ಬುಗಳ ನಡುವಿನ ಜಾಗ ಇಕ್ಕಟ್ಟು, ಉಬ್ಬಿನ ಮೇಲಕ್ಕೆ ಬಂದ ಕೂಡಲೇ ಗಾಡಿಯ ಪೂರ್ತಿ ಅಗಲ ತೆರೆದುಕೊಳ್ಳುತ್ತದೆ. ಹಲಗೆ ಉಬ್ಬಿಗಿಂತ ಕೆಳಗಿದ್ದರೆ ಹೆಗಲು ಸಿಕ್ಕಿಕೊಳ್ಳುತ್ತದೆ. ತುಂಬ ಮೇಲೆ ಹೋದರೆ ಎದ್ದು ಕೂರುವಾಗ ತಲೆ ಚಾವಣಿಗೆ ಬಡಿಯುತ್ತದೆ. ಉಬ್ಬಿನ ನೆತ್ತಿಗೆ ಸರಿಯಾಗಿ ಹಲಗೆ ಕೂತರೆ ಅಗಲವೂ ಸಿಕ್ಕಿತು, ಕೆಳಗೆ ಡ್ರಾಯರಿಗೆ ಜಾಗವೂ ಸಿಕ್ಕಿತು. ಎದುರುಬದುರು ಬೆಂಚಿನ ಹಳೆಯ ಜೀಪುಗಳಲ್ಲಿ ಬೆಂಚುಗಳೇ ಉಬ್ಬಿನ ಮೇಲೆ ಕೂತಿರುವುದರಿಂದ, ಎರಡು ಬೆಂಚಿನ ನಡುವೆ ಒಂದು ಹಲಗೆ ಅಡ್ಡ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಈ ಉಪಾಯವನ್ನು ಮೊದಲು ಕಂಡವರು ಯಾರೆಂದು ಹುಡುಕುವುದು ವ್ಯರ್ಥ. ರಾತ್ರಿ ಬಾಡಿಗೆಗೆ ಹೋಗಿ ಬೆಳಗಿನವರೆಗೆ ಕಾದ ಯಾವ ಡ್ರೈವರಿಗೂ ಇದು ತೋಚಬಹುದು.

ಅಗಲಕ್ಕಿಂತ ಕಷ್ಟದ್ದು ಉದ್ದ. ಐದೂವರೆ ಅಡಿಯ ಮನುಷ್ಯನಿಗೆ ದಿಂಬು ಸೇರಿ ಆರಡಿ ಬೇಕು. ಹಿಂಬದಿಯಲ್ಲಿ ಅಷ್ಟು ಇರುವುದಿಲ್ಲ. ಹಾಗಾಗಿ ಹಲಗೆಯನ್ನು ಎರಡು ತುಂಡು ಮಾಡಿ ನಡುವೆ ಪಿಯಾನೊ ಹಿಂಜು ಎಂಬ ಉದ್ದನೆಯ ತಿರುಗಣಿ ಹಾಕುತ್ತಾರೆ. ಹಗಲು ಮುಂದಿನ ತುಂಡು ಹಿಂದಿನದರ ಮೇಲೆ ಮಡಚಿ ಕೂತಿರುತ್ತದೆ. ರಾತ್ರಿ ನಡುವಿನ ಸೀಟನ್ನು ಮಡಚಿ, ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಆ ತುಂಡನ್ನು ಬಿಚ್ಚಿ ಕಾಲು ಊರಬೇಕು. 2023ರಲ್ಲಿ ಬಂದ, ಮಾರುತಿಯವರ ಐದು ಬಾಗಿಲಿನ ಜಿಮ್ನಿಯಲ್ಲಿ ಮುಂದಿನ ಸೀಟೇ ಹಿಂದಕ್ಕೆ ಬಾಗಿ ಹಿಂದಿನ ಸೀಟಿಗೆ ಕೂಡಿಕೊಳ್ಳುತ್ತದೆ. ಮಲಗಲು ಸಾಕು, ಆದರೆ ಕೆಳಗೆ ಸಾಮಾನಿಡುವ ಮಾತಿಲ್ಲ.

ಸಾಮಗ್ರಿಯ ವಿಷಯದಲ್ಲಿ ಮಲೆನಾಡಿನವರು ಅದೃಷ್ಟವಂತರು. 18 ಮಿಲಿಮೀಟರ್ ದಪ್ಪದ ಎಂಟಡಿ–ನಾಲ್ಕಡಿ ಪ್ಲೈವುಡ್ ಹಾಳೆ ಮೂವತ್ತು ಕಿಲೋ ದಾಟುತ್ತದೆ. 12 ಮಿಲಿಮೀಟರಿನದ್ದು ಇಪ್ಪತ್ತರ ಆಸುಪಾಸು. ಪೆಟ್ಟಿಗೆಗೆ ತೆಳುವಾದದ್ದೇ ಸಾಕು, ಕೆಳಗೆ ಅಡ್ಡಪಟ್ಟಿ ಸರಿಯಾಗಿದ್ದರೆ. ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಹಗುರ, ಕೊಯ್ಯಲು ಸುಲಭ. ಚೌಕಟ್ಟಿಗೆ ಅದು ಸಾಕು. ಮೇಲಿನ ಹಾಸಿಗೆಗೆ ಪ್ಲೈವುಡ್‌ಗಿಂತ ಅಡಕೆ ದಬ್ಬೆ ವಾಸಿ ಎಂದು ನನ್ನ ಅಭಿಪ್ರಾಯ. ದಬ್ಬೆಗಳ ನಡುವೆ ಬೆರಳಗಲ ಸಂದು ಬಿಟ್ಟರೆ ಗಾಳಿ ಆಡುತ್ತದೆ. ಮುಚ್ಚಿದ ಹಲಗೆಯ ಮೇಲಿನ ಹಾಸಿಗೆ ಜುಲೈ ತಿಂಗಳಲ್ಲಿ ಒಂದೇ ವಾರಕ್ಕೆ ಬೂಸಲು ಹಿಡಿಯುತ್ತದೆ. ಮಲಗಿದ ಮನುಷ್ಯ ರಾತ್ರಿ ಬಿಡುವ ಉಸಿರಿನಲ್ಲೇ ಒಂದು ಲೋಟದಷ್ಟು ನೀರಿರುತ್ತದೆ. ಮುಚ್ಚಿದ ಗಾಜಿನೊಳಗೆ ಅದು ಎಲ್ಲಿಗೆ ಹೋಗಬೇಕು? ತಗಡಿಗೆ, ಗಾಜಿಗೆ, ಕೊನೆಗೆ ಹಾಸಿಗೆಗೆ. ಅದಕ್ಕೇ ಎರಡೂ ಕಡೆ ಕಿಟಕಿ ಎರಡು ಬೆರಳು ತೆರೆದು, ಸೊಳ್ಳೆ ಬಲೆ ಸಿಕ್ಕಿಸಿ, ಮೇಲೆ ಮಳೆ ತಡೆಯುವ ಪಟ್ಟಿ ಹಾಕಬೇಕು. ಚಳಿಗೆ ಹೆದರಿ ಎಂಜಿನ್ ಚಾಲೂ ಇಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಒಳಬರುತ್ತದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುವ ಅನಿಲ ಅದು, ವಾಸನೆಯೂ ಇಲ್ಲ.

ಟೆಂಟು ಹಾಕಿದರಾಗದೆ, ಜೀಪಿನಲ್ಲೇ ಯಾಕೆ ಮಲಗಬೇಕು ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಇಂಬಳ ಉತ್ತರ ಹೇಳುತ್ತದೆ. ಬೇಸಿಗೆಯ ಉತ್ತರ ಇನ್ನೂ ಗಂಭೀರವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಿಗೂ ಹೊಸದಲ್ಲ. ಅದನ್ನು ಹರಡುವ ಉಣುಗು ಇರುವುದು ನೆಲದ ತರಗೆಲೆಯಲ್ಲಿ. ಡಿಸೆಂಬರಿನಿಂದ ಮೇವರೆಗೆ, ಅಂದರೆ ತಿರುಗಾಟಕ್ಕೆ ಹಿತವಾದ ತಿಂಗಳುಗಳಲ್ಲೇ ಅದರ ಕಾಟ. ಆರೋಗ್ಯ ಇಲಾಖೆಯವರು ಉಣುಗು ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ ಎಂದು ಹೇಳುತ್ತಲೇ ಇರುತ್ತಾರೆ. ನೆಲದಿಂದ ಎರಡು ಮೂರು ಅಡಿ ಮೇಲೆ ಮಲಗುವುದಕ್ಕೆ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹಾಗೆಂದು ಮೀಸಲು ಕಾಡಿನ ಅಂಚಿನಲ್ಲಿ ಜೀಪು ನಿಲ್ಲಿಸಿ ಮಲಗಬಾರದು. ಅರಣ್ಯ ಇಲಾಖೆಯ ಅನುಮತಿ ಇರುವುದಿಲ್ಲ, ನರಸಿಂಹರಾಜಪುರದ ಕಡೆ ಆನೆಯೂ ತಿರುಗುತ್ತದೆ. ಪರಿಚಯದವರ ಮನೆಯಂಗಳವೋ ಹೋಮ್‌ಸ್ಟೇ ಅಂಗಳವೋ ವಾಸಿ. ಅಲ್ಲೂ ಸಮತಟ್ಟು ಜಾಗ ಸಿಗುವುದು ಕಷ್ಟ. ತಲೆ ಏರುಕಡೆಗೆ ಬರುವಂತೆ ಗಾಡಿ ನಿಲ್ಲಿಸಿ.

ಇನ್ನು ಕೆಳಗಿನ ಸಾಮಾನು. ಅಡಕೆಯ ಕೊಳೆರೋಗವನ್ನು ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದ ಮೇಲೆ ಮೈಲುತುತ್ತ ಮಲೆನಾಡಿನ ಗಾಡಿ ಬಿಟ್ಟು ಇಳಿದಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಲೆಕ್ಕ ಎಲ್ಲರಿಗೂ ಬಾಯಿಪಾಠ. ಈ ಮೈಲುತುತ್ತ ಒದ್ದೆಯಾದರೆ ಕಬ್ಬಿಣವನ್ನು ತಿನ್ನುತ್ತದೆ. ಡ್ರಾಯರಿನ ಉಕ್ಕಿನ ಜಾರುಪಟ್ಟಿಗೆ ಅದು ತಗುಲಿದರೆ ಒಂದೇ ಮಳೆಗಾಲಕ್ಕೆ ಡ್ರಾಯರು ಹೊರಬರಲು ಹಟ ಹಿಡಿಯುತ್ತದೆ. ಔಷಧಿ ಸಾಗಿಸುವ ದಿನ ಪೆಟ್ಟಿಗೆ ಗಾಡಿಯಲ್ಲೇ ಇರಬಾರದು. ತೆಗೆದಿಡುವ ಪೆಟ್ಟಿಗೆಯ ಪ್ರಯೋಜನ ಇಲ್ಲಿ ಇನ್ನೊಮ್ಮೆ ಗೊತ್ತಾಗುತ್ತದೆ.

ತೆಗೆಯಬಹುದು ಎಂದ ಮಾತ್ರಕ್ಕೆ ಸುಮ್ಮನೆ ಇಟ್ಟು ಹೊರಡುವಂತಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಡಿಕ್ಕಿಯಾಗಿ ಒಂದು ಮೀಟರಿನಲ್ಲಿ ನಿಂತರೆ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಹತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 60 ಕಿಲೋದ ಪೆಟ್ಟಿಗೆ ಆಗ ಡ್ರೈವರಿನ ಬೆನ್ನಿಗೆ ಆರು ಕ್ವಿಂಟಾಲು. ಸೀಟು ಬಿಚ್ಚಿದಾಗ ನೆಲದಲ್ಲಿ ಉಳಿಯುವ ಬೋಲ್ಟಿನ ತೂತುಗಳಿಗೇ ಪೆಟ್ಟಿಗೆಯನ್ನು ಕಟ್ಟುವುದು ಸರಿಯಾದ ದಾರಿ. ಹೊಸ ತೂತು ಕೊರೆಯಬೇಕಿಲ್ಲ, ಸೋಮವಾರ ಸೀಟೂ ಅದೇ ಜಾಗಕ್ಕೆ ವಾಪಸು.

ಸೀಟು ಬಿಚ್ಚುವ ಮಾತು ಬಂದಾಗ ಕಾನೂನೂ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿ ಪುಸ್ತಕದಲ್ಲಿ ನಮೂದಾದ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾಲೀಕ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತಷ್ಟು ಬಿಗಿಯಾಗಿ ಹೇಳಿತು. ಸೀಟಿನ ಸಂಖ್ಯೆಯೂ ಆ ಪುಸ್ತಕದಲ್ಲಿದೆ. ಆದ್ದರಿಂದ ಸೀಟನ್ನು ಕಾಯಂ ಆಗಿ ತೆಗೆಯುವ ಯೋಚನೆ ಇದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಕೊನೆಗೆ ಇನ್ನೊಂದು ಮಾತು: ಪ್ಲೈವುಡ್ಡಿಗೆ ಗರಗಸ ಇಡುವ ಮೊದಲು ಹಳೆಯ ಟಿವಿಯದೋ ಫ್ರಿಜ್ಜಿನದೋ ರಟ್ಟನ್ನು ಅಳತೆಗೆ ಕತ್ತರಿಸಿ ಉಬ್ಬಿನ ಮೇಲೆ ಹಾಸಿ, ಹಿಂಬಾಗಿಲು ಹಾಕಿಕೊಂಡು ಒಂದು ಗಂಟೆ ಮಲಗಿ ನೋಡಿ.