ನಿಮಗಿದು ಗೊತ್ತೆ? ಹೊರಗಿನ ಪೈಲ್ವಾನ, ಒಳಗಿನ ಅಖಾಡ

ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆಯಲ್ಲಿ ಹಲಗಿ ಸದ್ದಾದರೆ ಸಾಕು, ಕೊಲ್ಹಾಪುರ, ಸಾಂಗ್ಲಿಯ ಪೈಲ್ವಾನರೂ ಕೆಮ್ಮಣ್ಣಿಗೆ ಇಳಿಯುತ್ತಾರೆ. ಬೆಳ್ಳಿ ಕಡಗ ಗೆದ್ದವನಿಗೆ. ಅವನ ಊರು ಯಾವುದಾದರೂ ಸರಿ.

ಜಪಾನಿನ ಸುಮೊದಲ್ಲಿ ಹಾಗಿಲ್ಲ. 2002ರಿಂದ ಒಂದು ಗರಡಿಗೆ ಒಬ್ಬನೇ ವಿದೇಶಿ. ಪೌರತ್ವ ಬದಲಿಸಿಕೊಂಡು ಈ ಮಿತಿ ದಾಟುವ ದಾರಿಯೂ 2010ರಲ್ಲಿ ಮುಚ್ಚಿತು. ನಿವೃತ್ತಿಯ ನಂತರ ಸುಮೊ ಸಂಘದಲ್ಲಿ ಗುರುವಾಗಿ ಉಳಿಯಬೇಕೆಂದರೆ ಜಪಾನಿ ಪೌರತ್ವ ಕಡ್ಡಾಯ. ಅದಕ್ಕಾಗಿಯೇ 45 ಪ್ರಶಸ್ತಿಗಳ ದಾಖಲೆಯ ಹಕುಹೊ 2019ರಲ್ಲಿ ಮಂಗೋಲಿಯಾದ ಪೌರತ್ವ ಬಿಟ್ಟರು. ಅಷ್ಟು ಗೆದ್ದವರಿಗೂ ಅದು ಸಣ್ಣ ಬೆಲೆಯಲ್ಲ.

ಹವಾಯಿಯ ತಕಮಿಯಾಮಾ 1972ರಲ್ಲಿ ಅಗ್ರ ಶ್ರೇಣಿಯ ಪ್ರಶಸ್ತಿ ಗೆದ್ದ ಮೊದಲ ವಿದೇಶಿ. ಅದೇ ಹವಾಯಿಯ ಕೊನಿಶಿಕಿ ಮೂರು ಸಲ ಗೆದ್ದರೂ ಸರ್ವೋಚ್ಚ ಪದವಿಯಾದ ಯೊಕೊಜುನಾ ಸಿಗಲಿಲ್ಲ. ಪರದೇಶದವರಿಗೆ ಆ ಪದವಿಯ ಘನತೆ ಒಲಿಯದು ಎಂಬ ವಾದ ಆಗ ಜೋರಾಗಿತ್ತು. 1993ರ ಜನವರಿಯಲ್ಲಿ ಹವಾಯಿಯವರೇ ಆದ ಅಕೆಬೊನೊ ಆ ಪಟ್ಟ ಏರಿದರು. 2017ರಲ್ಲಿ ಕಿಸೆನೊಸಾತೊ ಯೊಕೊಜುನಾ ಆದಾಗ ಜಪಾನ್ ಸಂಭ್ರಮಿಸಿತು. ಸ್ವದೇಶದಲ್ಲಿ ಹುಟ್ಟಿದವರೊಬ್ಬರು ಆ ಪಟ್ಟಕ್ಕೇರಿ 19 ವರ್ಷವಾಗಿತ್ತು.

ನಮ್ಮ ಕಡೆಯ ಕಥೆ ಇನ್ನೂ ಚಂದ. 1959ರಲ್ಲಿ ಹಿಂದ್ ಕೇಸರಿ ಕುಸ್ತಿ ಬಿರುದು ಗೆದ್ದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ತಾಲೀಮು ಮಾಡಿದ್ದು ಕೊಲ್ಹಾಪುರದಲ್ಲಿ, ಬದುಕಿದ್ದೂ ಅಲ್ಲೇ. ದಿಲ್ಲಿಯ ಅಖಾಡದಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಅವರು ಮಣಿಸಿದಾಗ ಕೊಲ್ಹಾಪುರ ಅವರನ್ನು ತನ್ನ ಮನೆಮಗನೆಂದೇ ಎತ್ತಿಕೊಂಡಿತು.