ಗಿಫ್ಟೆಡ್ ಕ್ಲಾಸೂ ನಮ್ಮ ಮಕ್ಕಳೂ

ಈ ದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಎರಡನೆಯ, ಮೂರನೆಯ ಗ್ರೇಡಿಗೆ ಬರುವ ಹೊತ್ತಿಗೆ ಒಂದು ಹೊಸ ಶಬ್ದ ಮನೆಯೊಳಕ್ಕೆ ಕಾಲಿಡುತ್ತದೆ: ‘ಗಿಫ್ಟೆಡ್’. ಶಾಲೆಯಿಂದ ಪತ್ರ ಬರುತ್ತದೆ. ಮಗುವನ್ನು ವಿಶೇಷ ತರಗತಿಗೆ ಆರಿಸಲಾಗಿದೆ ಎಂದಿದ್ದರೆ ಆ ವಾರಾಂತ್ಯವೇ ಊರಿಗೆ ಸುದ್ದಿ ಹೋಗುತ್ತದೆ. ಇಲ್ಲವೆಂದಿದ್ದರೆ ಪತ್ರ ಮೇಜಿನ ಡ್ರಾಯರ್ ಸೇರುತ್ತದೆ. ನಮ್ಮ ಪರಿಚಿತರೊಬ್ಬರ ತಾಯಿ ತುಮಕೂರಿನಿಂದ ಫೋನಿನಲ್ಲಿ, “ಗಿಫ್ಟು ಅಂದೆಯಲ್ಲಪ್ಪಾ, ಏನು ಕೊಟ್ಟರು ಮಗೂಗೆ?” ಎಂದು ಕೇಳಿದರಂತೆ. ಎಲ್ಲರೂ ನಕ್ಕರು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಆ ಅಜ್ಜಿಯೊಬ್ಬರೇ ಎಂದು ನಮಗನ್ನಿಸಿತು. ನಿಜವಾಗಿ ಏನು ಕೊಡುತ್ತಾರೆ?

ಸ್ವಲ್ಪ ಹಿನ್ನೆಲೆ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕಕ್ಕೆ ತನ್ನ ಜಾಣ ಮಕ್ಕಳ ನೆನಪಾಯಿತು. ಮರುವರ್ಷವೇ ವಿಜ್ಞಾನ, ಗಣಿತಗಳ ಬೋಧನೆಗೆ ಹಣ ಒದಗಿಸುವ ಕಾನೂನು ಬಂತು. 1972ರಲ್ಲಿ ಶಿಕ್ಷಣ ಕಮಿಷನರ್ ಸಿಡ್ನಿ ಮಾರ್ಲೆಂಡ್ ಅವರು ಕಾಂಗ್ರೆಸ್ಸಿಗೆ ಒಪ್ಪಿಸಿದ ವರದಿಯಲ್ಲಿ, ಶಾಲಾ ಮಕ್ಕಳಲ್ಲಿ ಕಡಿಮೆಯೆಂದರೂ ನೂರಕ್ಕೆ 3ರಿಂದ 5 ಮಂದಿಗೆ ವಿಶೇಷ ಶಿಕ್ಷಣ ಬೇಕು ಎಂದರು. ಬುದ್ಧಿಶಕ್ತಿಯೊಂದೇ ಅಲ್ಲ, ಸೃಜನಶೀಲತೆ, ನಾಯಕತ್ವ, ಕಲೆ ಇವೂ ಪ್ರತಿಭೆಯೇ ಎಂದು ಆ ವರದಿ ಹೇಳಿತ್ತು. ನಾವು ಅದನ್ನು ಓದುವಾಗ ಗಣಿತದ ಮಾತನ್ನಷ್ಟೇ ಓದಿಕೊಳ್ಳುತ್ತೇವೆ, ಅದು ಬೇರೆ ಮಾತು! ಇಂಥ ಮಕ್ಕಳಿಗೆ ಇಂಥದ್ದನ್ನು ಕಲಿಸಲೇಬೇಕು ಎಂಬ ಕೇಂದ್ರ ಸರ್ಕಾರದ ಕಟ್ಟಳೆ ಇಲ್ಲ. ಎಲ್ಲ ಆಯಾ ರಾಜ್ಯದ್ದು. ನಮ್ಮ ನ್ಯೂಜೆರ್ಸಿಯಲ್ಲಿ 2020ರ ಜನವರಿಯಲ್ಲಿ ಸಹಿಯಾದ ಕಾನೂನಿನಂತೆ ಪ್ರತಿಯೊಂದು ಸ್ಕೂಲ್ ಡಿಸ್ಟ್ರಿಕ್ಟೂ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ಗ್ರೇಡಿನವರೆಗೆ ಇಂಥ ಮಕ್ಕಳನ್ನು ಗುರುತಿಸಬೇಕು, ಒಂದಕ್ಕಿಂತ ಹೆಚ್ಚು ಅಳತೆಗೋಲು ಬಳಸಬೇಕು, ತನ್ನ ಕ್ರಮವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಕ್ರಮ ಸರಿಯಿಲ್ಲವೆನಿಸಿದರೆ ಶಾಲಾ ಮಂಡಳಿಗೆ ದೂರು ಕೊಡುವ ಹಕ್ಕು ಪೋಷಕರಿಗಿದೆ. ಈ ಕೊನೆಯ ಸಂಗತಿ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಇನ್ನು ತರಗತಿಯೊಳಗೆ ನಡೆಯುವುದೇನು? ನಮ್ಮ ಊರಿನಲ್ಲಿ ಆರಿಸಿದ ಮಕ್ಕಳನ್ನು ವಾರಕ್ಕೆ ಎರಡು ಸಲ ಮಾಮೂಲು ತರಗತಿಯಿಂದ ಎಬ್ಬಿಸಿ ಬೇರೊಂದು ಕೋಣೆಗೆ ಕರೆದೊಯ್ಯುತ್ತಾರೆ. ಮುಂದಿನ ಗ್ರೇಡಿನ ಲೆಕ್ಕವನ್ನು ಈಗಲೇ ಮಾಡಿಸುತ್ತಾರೆ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಕನೆಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ರೆನ್ಜುಲ್ಲಿ ಎಂಬ ಪ್ರಾಧ್ಯಾಪಕರು 1977ರಲ್ಲಿ ಹಾಕಿಕೊಟ್ಟ ದಾರಿ ಇದು. ಮೊದಲು ಪಠ್ಯದಲ್ಲಿಲ್ಲದ ಹತ್ತಾರು ವಿಷಯಗಳ ರುಚಿ ತೋರಿಸುವುದು. ಎರಡನೆಯದು, ಟಿಪ್ಪಣಿ ಬರೆಯುವುದು, ಅಳೆಯುವುದು, ಜನರನ್ನು ಸಂದರ್ಶಿಸುವುದು ಮುಂತಾದ ಕೌಶಲಗಳನ್ನು ಕಲಿಸುವುದು. ಮೂರನೆಯದು, ಮಗು ತಾನೇ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು, ಅದರ ಉತ್ತರ ಯಾರಿಗೆ ಬೇಕೋ ಅವರಿಗೆ ಒಪ್ಪಿಸುವುದು. ಮೊದಲಿನ ಎರಡು ಎಲ್ಲ ಮಕ್ಕಳಿಗೂ ಸಲ್ಲಬೇಕು ಎಂಬುದು ಅವರ ಮತ. ಸಾಮಾನ್ಯಕ್ಕಿಂತ ಮೇಲಾದ ಬುದ್ಧಿ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಹಟ, ಈ ಮೂರೂ ಕೂಡಿದಲ್ಲಿ ಪ್ರತಿಭೆ ಕಾಣಿಸಿಕೊಳ್ಳುತ್ತದೆ ಎಂದು 1978ರಲ್ಲಿ ಅವರು ಬರೆದರು. ಹಟವನ್ನು ಅಳೆಯುವ ಪರೀಕ್ಷೆಯನ್ನು ನಾವಂತೂ ಕಂಡಿಲ್ಲ.

ನಮ್ಮ ರಾಜ್ಯದ್ದೇ ಒಂದು ಕೊಡುಗೆಯನ್ನು ಇಲ್ಲಿ ಹೇಳಬೇಕು. ಗ್ಲಾಸ್‌ಬರೋ ಸ್ಟೇಟ್ ಕಾಲೇಜಿನಲ್ಲಿ (ಈಗಿನ ರೋವನ್ ವಿಶ್ವವಿದ್ಯಾಲಯ) ಸ್ಯಾಮ್ ಮಿಕ್ಲಸ್ ಎಂಬ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಚಕ್ರವಿಲ್ಲದ ಗಾಡಿ ಮಾಡಿ, ಕಡುಬು ಎಸೆಯುವ ಯಂತ್ರ ಮಾಡಿ ಎಂದು ಕೆಲಸ ಕೊಡುತ್ತಿದ್ದರು. (ಅವರ ಕಡುಬು ‘ಪೈ’, ನಮ್ಮದಲ್ಲ.) ಇದರಿಂದ ಹುಟ್ಟಿದ ‘ಒಡಿಸ್ಸಿ ಆಫ್ ದಿ ಮೈಂಡ್’ ಸ್ಪರ್ಧೆ 1978ರಲ್ಲಿ ನ್ಯೂಜೆರ್ಸಿಯ 28 ಶಾಲೆಗಳಿಂದ ಆರಂಭವಾಗಿ ಈಗ ಹಲವು ದೇಶಗಳಿಗೆ ಹಬ್ಬಿದೆ. ಬಾಲ್ಸಾ ಮರದ ಕಡ್ಡಿ, ಗೋಂದು ಇವೆರಡರಿಂದಲೇ ಕೆಲವೇ ಗ್ರಾಂ ತೂಗುವ ಗೋಪುರ ಕಟ್ಟಿ, ಅದು ಮುರಿಯುವವರೆಗೆ ಭಾರ ಹೇರುವುದು ಅದರಲ್ಲಿನ ಪ್ರಸಿದ್ಧ ಸಮಸ್ಯೆ. ನೂರಾರು ಪೌಂಡು ಹೊರುವುದುಂಟು. ದೊಡ್ಡವರು ಕೈಹಾಕಿದರೆ ಅಂಕ ಕಳೆಯುತ್ತಾರೆ. ಇಂಜಿನಿಯರ್ ತಂದೆಯರು ಕೈಕಟ್ಟಿ ಕುಳಿತಿರುವ ನೋಟಕ್ಕಾಗಿಯಾದರೂ ಒಮ್ಮೆ ಹೋಗಿಬನ್ನಿ.

ಆದರೆ ನಾವು ಹತ್ತಿರದಿಂದ ಕಂಡದ್ದು ಉಪ್ಪಿನ ಕಥೆ. ಐದನೆಯ ಗ್ರೇಡಿನ ಆರು ಮಕ್ಕಳ ಒಂದು ಗುಂಪು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿತು. ರಸಾಯನಶಾಸ್ತ್ರದವರೆಂದು ಶಿಕ್ಷಕಿ ನಮ್ಮನ್ನು ಕರೆಸಿದರು. ಆರರಲ್ಲಿ ಒಬ್ಬ ಹುಡುಗ ಪಟ್ಟಿಯಲ್ಲಿದ್ದವನಲ್ಲ, ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದವನು. ಹಳ್ಳದ ಪಕ್ಕದ ಮನೆಯವನು, ಪ್ರಶ್ನೆ ಮೊದಲು ಅವನದೇ ಎಂದು ಶಿಕ್ಷಕಿ ಅವನನ್ನೂ ಸೇರಿಸಿಕೊಂಡಿದ್ದರು.

ಪಾರ್ಕಿಂಗ್ ಲಾಟಿನ ನೀರು ಹಳ್ಳಕ್ಕೆ ಬೀಳುವ ಮೋರಿಯ ಮೇಲೊಂದು ಕಡೆ, ಕೆಳಗೊಂದು ಕಡೆ ಗುರುತುಮಾಡಿ ನವೆಂಬರಿನಿಂದ ಅಳೆಯಲು ತೊಡಗಿದೆವು. ನೀರಿನಲ್ಲಿ ಉಪ್ಪು ಕರಗಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಹರಿಸುತ್ತದೆ. ಅದನ್ನು ತೋರಿಸುವ ಮೀಟರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕ್ಲೋರೈಡಿಗೆ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಪುಸ್ತಕದಲ್ಲಿರುವ ಕ್ರಮದಲ್ಲಿ ಸಿಲ್ವರ್ ನೈಟ್ರೇಟಿನ ಜೊತೆ ಪೊಟ್ಯಾಸಿಯಮ್ ಕ್ರೋಮೇಟ್ ಬೇಕಾಗುತ್ತದೆ. ಅದು ವಿಷ, ಕ್ಯಾನ್ಸರ್‌ಕಾರಕ. ಮಕ್ಕಳ ಕೈಗೆ ಅದನ್ನು ಕೊಡುವ ಮಾತೇ ಇರಲಿಲ್ಲ.

ಹಿಮ ಬಿದ್ದ ದಿನ ಮೀಟರು ಏರುತ್ತದೆಂದು ಎಲ್ಲರೂ ಕಾದರು. ಏರಲಿಲ್ಲ. ಮಕ್ಕಳ ಮುಖ ಬಾಡಿತು. ಎರಡು ದಿನ ಬಿಟ್ಟು ಬಿಸಿಲು ಬಂದು ಹಿಮ ಕರಗಿದಾಗ ಕೆಳಗಿನ ಗುರುತಿನಲ್ಲಿ ಮುಳ್ಳು ಒಮ್ಮೆಗೇ ಜಿಗಿಯಿತು. ಜಲಚರಗಳ ರಕ್ಷಣೆಗೆಂದು ಇಲ್ಲಿನ ಪರಿಸರ ಇಲಾಖೆ 1988ರಲ್ಲಿ ಸೂಚಿಸಿದ ದೀರ್ಘಕಾಲದ ಮಿತಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್. ಆ ದಿನ ಪಟ್ಟಿ ಅದಕ್ಕಿಂತ ಮೇಲೆ ತೋರಿಸಿತು. ಒಂದು ದಿನದ ಅಳತೆಯನ್ನು ದೀರ್ಘಕಾಲದ ಮಿತಿಗೆ ಹೋಲಿಸಬಾರದು ಎಂದು ನಾವು ಹೇಳಿದೆವು. ಹಾಗಾದರೆ ಪ್ರತಿ ವಾರ ಬರೋಣ ಎಂದವನು ಆ ಪಟ್ಟಿಯಲ್ಲಿಲ್ಲದ ಹುಡುಗ. ಜುಲೈ ತಿಂಗಳಲ್ಲಿ, ಶಾಲೆಗೆ ರಜೆ ಬಂದ ಮೇಲೂ, ನಾಲ್ವರು ಬಂದರು. ಬಿರುಬೇಸಿಗೆಯಲ್ಲೂ ಕೆಳಗಿನ ನೀರು ಮೇಲಿನದಕ್ಕಿಂತ ಉಪ್ಪಾಗಿಯೇ ಇತ್ತು! ಯಾರೋ ಕದ್ದು ಸುರಿಯುತ್ತಿದ್ದಾರೆಂದು ಒಬ್ಬಳ ವಾದ. ಓದಿ ನೋಡಿದಾಗ ತಿಳಿದದ್ದು: ಚಳಿಗಾಲದ ಉಪ್ಪು ಮಣ್ಣಿಗಿಳಿದು ಅಂತರ್ಜಲ ಸೇರುತ್ತದೆ, ಬೇಸಿಗೆಯಲ್ಲಿ ಹಳ್ಳವನ್ನು ತುಂಬುವುದು ಅದೇ ನೀರು.

ಮಕ್ಕಳು ವರದಿ ಬರೆದು ಊರಿನ ಪರಿಸರ ಸಮಿತಿಯ ಸಭೆಯಲ್ಲಿ ಓದಿದರು. ರಸ್ತೆ ವಿಭಾಗದವರು ಮಕ್ಕಳನ್ನು ಕರೆಸಿ, ಉಪ್ಪು ಚೆಲ್ಲುವ ಲಾರಿಯನ್ನು ತೋರಿಸಿ, ಉಪ್ಪನ್ನು ಮೊದಲೇ ಒದ್ದೆ ಮಾಡಿದರೆ ಪುಟಿದು ಪೋಲಾಗುವುದು ಕಡಿಮೆ ಎಂದು ವಿವರಿಸಿದರು. ಉಪ್ಪಿನ ಬಳಕೆ ತಗ್ಗಿತೆಂದು ಹೇಳಲಾರೆವು. ಪದಕವೂ ಬರಲಿಲ್ಲ. ಶಾಲೆಯ ವಾರ್ಷಿಕ ಸಾಧನೆಗಳ ಪಟ್ಟಿಯಲ್ಲಿ ಗಣಿತ ಸ್ಪರ್ಧೆ, ಸ್ಪೆಲಿಂಗ್ ಬೀಗಳ ಕೆಳಗೆ ಒಂದು ಸಾಲಿನಲ್ಲಿ ಇದು ಬಂತು. ನಮ್ಮನ್ನು ಕೇಳಿದರೆ ಇದನ್ನು ಮೇಲೆ ಬರೆಯುತ್ತಿದ್ದೆವು.

ಆ ಹುಡುಗನ ವಿಷಯ ಮನಸ್ಸಿನಲ್ಲಿ ಉಳಿದದ್ದರಿಂದ ಆಯ್ಕೆಯ ಬಗೆಗೆ ಓದಿದೆವು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಶಿಕ್ಷಕರೋ ಪೋಷಕರೋ ಸೂಚಿಸಿದ ಮಕ್ಕಳನ್ನಷ್ಟೇ ಪರೀಕ್ಷಿಸುತ್ತಿದ್ದರು. 2005ರಲ್ಲಿ ಎರಡನೆಯ ಗ್ರೇಡಿನ ಎಲ್ಲ ಮಕ್ಕಳಿಗೂ ಮಾತು ಬೇಡದ, ಆಕಾರಗಳ ಪರೀಕ್ಷೆ ಕೊಟ್ಟು ಮೊದಲ ಸೋಸುವಿಕೆ ಮಾಡಿದರು. ಬಡ ಮನೆಗಳ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ತರಗತಿಗಳಲ್ಲಿ ಗಣನೀಯವಾಗಿ ಏರಿತು. ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದವರು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೋ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಕ್ಕಳು ಮೊದಲೂ ಅಲ್ಲೇ ಇದ್ದರು, ನೋಡಿದವರಿರಲಿಲ್ಲ, ಅಷ್ಟೆ. ಮುಂದೆ ಹಣ ಸಾಲದೆ ಆ ಏರ್ಪಾಟು ನಿಂತಿತು.

ನಮ್ಮವರ ಕಷ್ಟ ಬೇರೆ ತರಹದ್ದು. ನಮ್ಮ ಮಕ್ಕಳು ಕಾಣದೆ ಉಳಿಯುವುದು ಕಡಿಮೆ; ನಾವೇ ಬಿಡುವುದಿಲ್ಲ! ಆರು ವರ್ಷದ ಕೂಸನ್ನು ಶನಿವಾರದ ಕೋಚಿಂಗಿಗೆ ಅಟ್ಟುವವರಿದ್ದಾರೆ. ಇನ್ನೂ ಚಿಂತೆಯ ಸಂಗತಿಯೆಂದರೆ, ಪರೀಕ್ಷೆಯ ಶಬ್ದಭಾಗದಲ್ಲಿ ಅಂಕ ಹೋಗುತ್ತದೆಂದು ಮನೆಯಲ್ಲಿ ಕನ್ನಡ ನಿಲ್ಲಿಸಿದ ಎರಡು ಸಂಸಾರಗಳನ್ನು ನಾವು ಬಲ್ಲೆವು. ಈ ಪರೀಕ್ಷೆಗಳಲ್ಲಿ ಶಬ್ದ, ಸಂಖ್ಯೆ, ಆಕಾರ ಎಂದು ಬೇರೆ ಬೇರೆ ಭಾಗಗಳಿರುತ್ತವೆ, ಅಂಕವೂ ಬೇರೆ ಬೇರೆಯೇ ಬರುತ್ತದೆ. ಮಗು ಮನೆಯಲ್ಲಿ ಬೇರೆ ಭಾಷೆ ಆಡುತ್ತದೆಂದು ಶಾಲೆಗೆ ಬರೆದು ತಿಳಿಸಿ, ಭಾಗವಾರು ಅಂಕಗಳನ್ನು ನೋಡಿರೆಂದು ಕೇಳಬಹುದು. ಒಂದು ಕಾಗದದಲ್ಲಿ ಮುಗಿಯುವ ಕೆಲಸಕ್ಕೆ ಅಜ್ಜಿಯ ಜೊತೆ ಆಡುವ ಭಾಷೆಯನ್ನೇ ಬಲಿಕೊಡಬೇಕೇ?

ನಮ್ಮ ನಾಡಿನಲ್ಲೂ ಆರಿಸುವ ಪರೀಕ್ಷೆಗಳಿದ್ದವು. 1963ರಲ್ಲಿ ಆರಂಭವಾಗಿ 2021ರವರೆಗೆ ನಡೆದ ರಾಷ್ಟ್ರೀಯ ಪ್ರತಿಭಾ ಶೋಧವನ್ನು ನಮ್ಮಲ್ಲಿ ಕೆಲವರು ಬರೆದಿದ್ದೇವೆ. ಅದು ಆರಿಸಿ ವಿದ್ಯಾರ್ಥಿವೇತನ ಕೊಡುತ್ತಿತ್ತು, ಹಳ್ಳಕ್ಕೆ ಕರೆದೊಯ್ಯುತ್ತಿರಲಿಲ್ಲ. ಆದರೆ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಯಾವ ಪ್ರವೇಶ ಪರೀಕ್ಷೆಯೂ ಇಲ್ಲದೆ ವಾರವಾರವೂ ಯಾರು ಬಂದರೂ ವಿಜ್ಞಾನಿಗಳ ಮಾತು ಕೇಳಿಸಿತು. ರೆನ್ಜುಲ್ಲಿಯವರ ಮೊದಲನೆಯ ಮೆಟ್ಟಿಲೆಂದರೆ ಬಹುಶಃ ಅದೇ.

ಮೀಟರು ನಮ್ಮಲ್ಲೇ ಇದೆ. ಈ ಚಳಿಗಾಲದಲ್ಲಿ ಮೊದಲ ಹಿಮ ಕರಗುವ ವಾರದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಳ್ಳಕ್ಕೆ ಹೋಗುತ್ತೇವೆ. ಪತ್ರ ಬಂದ ಮಕ್ಕಳೂ, ಪತ್ರ ಡ್ರಾಯರ್ ಸೇರಿದ ಮಕ್ಕಳೂ ಬರಬಹುದು. ಬೂಟು ಗಟ್ಟಿಯಾಗಿರಲಿ, ಕೈಗವಸು ಎರಡು ಜೊತೆ ತನ್ನಿ. ಇಡ್ಲಿ ನಾವು ತರುತ್ತೇವೆ, ಚಟ್ನಿ ಯಾರಾದರೂ ತಂದರೆ ಆದೀತು.